ಎದ್ದು ಬರುವವನಿಗೆ ಹಾಲುತುಪ್ಪ

ಪಾಲಮ್ಮನಿಗೆ ಮಕ್ಕಳಿರಲಿಲ್ಲ. ಹಾಗಾಗಿ ಗಂಡ ಗಾದ್ರಪ್ಪ ಸತ್ತ ದಿನವೇ ಅವಳ ಗುಡಿಸಲು ಬಾವ ದೊಡ್ಡೀರಪ್ಪನ ಕಣ್ಣಿಗೆ ಖಾಲಿ ಮನೆಯಾಗಿ ಕಂಡಿತು.

ಗಾದ್ರಪ್ಪನಿಗೆ ವರವು ಕಾವಲೆಂಬ ಹುಲ್ಲುಗಾವಲಿನಲ್ಲಿ ದನ ಕಾಯುವಾಗ ಹಾವು ಕಚ್ಚಿತ್ತು. ಪ್ಲೇಗು ಬಂದು ಹೋದ ಮರುವರ್ಷ ರಾಂಪುರದಿಂದ ನಡೆದು ಬಂದ ಉಪದೇಶಿ ಸಮಾಧಾನಪ್ಪನ ಮಾತು ಕೇಳಿ, ಕೆರೆಯಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದು ಕ್ರಿಸ್ತನ ಕಡೆ ಹೋದವರು ಆ ಕೇರಿಯಲ್ಲಿ ಈ ಗಂಡ ಹೆಂಡತಿ ಇಬ್ಬರೇ. ಸತ್ತ ಕ್ರಿಸ್ತ ಮೂರನೇ ದಿನ ಎದ್ದ ಕಥೆಯೆಂದರೆ ಗಾದ್ರಪ್ಪನಿಗೆ ಬಲು ಇಷ್ಟ. ಉಂಡಾದ ಮೇಲೆ ಹೆಂಡತಿಯ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿಕೊಂಡು ಕೇಳುತ್ತಿದ್ದ. ನಂಬಿದವರೂ ಒಂದು ದಿನ ಹಾಗೆಯೇ ಏಳುತ್ತಾರೆ ಎಂದು ಉಪದೇಶಿ ಹೇಳಿದ್ದ.

ಹೂಳುವಾಗ ತಕರಾರು ಬರಲಿಲ್ಲ. ಅಣ್ಣತಮ್ಮಂದಿರು ಗುಂಡಿ ತೋಡಿದರು, ಉಪದೇಶಿ ಪ್ರಾರ್ಥನೆ ಮಾಡಿದ. ತಕರಾರು ಬಂದದ್ದು ಮೂರನೇ ದಿನ, ಹಾಲುತುಪ್ಪಕ್ಕೆ. ಅಂದು ಮಣ್ಣಿನ ಮೇಲೆ ಹಾಲು ತುಪ್ಪ ಎರೆದು, ಅಲ್ಲೇ ಹೆಂಡತಿಯ ಬಳೆ ಒಡೆಯುವುದು ಕೇರಿಯ ರೂಢಿ.

ಪಾಲಮ್ಮ ತನ್ನ ಆಕಳ ಹಾಲನ್ನು ಕುಡಿಕೆಯಲ್ಲಿ, ತುಪ್ಪವನ್ನು ದೊನ್ನೆಯಲ್ಲಿ ತಂದಳು. ಸಮಾಧಾನಪ್ಪ ಗುಂಡಿಯ ತಲೆದೆಸೆಯಲ್ಲಿ ಅಡ್ಡ ನಿಂತಿದ್ದ.

"ಬೇಡಮ್ಮ. ಸತ್ತೋರಿಗೆ ಉಣ್ಣಿಸೋದು ಬಿಟ್ಟೆ ಅಂತ ನೀರಾಗೆ ನಿಂತು ಹೇಳಿದೀಯ."

"ಮೂರನೇ ದಿನ ಹೆಂಗಸ್ರು ಗೋರಿ ತಾವ ಹೋದ್ರು ಅಂತ ನೀವೇ ಹೇಳಿದ್ರಲ್ಲ ಅಯ್ನೋರೆ. ಬರಿಗೈಲಿ ಹೋಗಿದ್ರಾ?"

"ಸುಗಂಧ ತಗೊಂಡು ಹೋಗಿದ್ರು. ಆತ ಎದ್ದದ್ದು ಅವರಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತೈತೆ."

ಮಾತು ಸರಿಯಾಗಿತ್ತು. ಆದರೂ ಪಾಲಮ್ಮ ಕುಡಿಕೆ ಕೆಳಗಿಡಲಿಲ್ಲ.

"ಆತ ಎದ್ದ. ನನ್ನ ಗಂಡ ಇನ್ನೂ ಎದ್ದಿಲ್ಲ. ಏಳೋತನಕ ಹಸಿವಾಗಲ್ವಾ?"

"ಹಸಿವಿನ ಮಾತಾಡ್ತಾಳೆ ನೋಡ್ರಲೇ," ಅಂದ ದೊಡ್ಡೀರಪ್ಪ. "ಬದುಕಿದ್ದಾಗ ಒಂದು ದಿನ ಸಾರಿಗೆ ಸರಿಯಾಗಿ ಉಪ್ಪು ಹಾಕಲಿಲ್ಲ."

ಪಾಲಮ್ಮ ಉಪದೇಶಿಯನ್ನು ಬಳಸಿ ಹೋಗಿ ಹಾಲು ಎರೆದಳು, ತುಪ್ಪ ಬಿಟ್ಟಳು. ಸಮಾಧಾನಪ್ಪ ಸಿಟ್ಟು ಮಾಡಲಿಲ್ಲ. "ಇನ್ನು ಆದಿತ್ಯವಾರದ ಪ್ರಾರ್ಥನೆಗೆ ನಮ್ಮ ಚಾಪೆ ಮೇಲೆ ಕೂರಬೇಡಮ್ಮ," ಎಂದು ಹೇಳಿ ರಾಂಪುರದ ದಾರಿ ಹಿಡಿದ.

"ಪೀಡೆ ತೊಲಗ್ತು, ಮತ್ತೆ ನಮ್ಮೋಳಾದೆ," ಎಂದು ದೊಡ್ಡೀರಪ್ಪ ಹಿಗ್ಗಿದ. "ಅವ್ವಾ, ಕಲ್ಲು ತಗಾ."

ಅತ್ತೆ ಹುಚ್ಚಕ್ಕ ಕಲ್ಲು ಹಿಡಿದು ಬಂದಳು. ಪಾಲಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಎದ್ದು ಬರೋನಿಗೆ ಬಳೆ ಯಾಕೆ ಒಡೀಲಿ ಅತ್ತೆ?"

"ಯಾವಾಗ ಬರ್ತಾನಂತೆ?" ದೊಡ್ಡೀರಪ್ಪ ನಕ್ಕ. "ಜೋಳ ಕೊಯ್ಲಿಗೆ ಬಂದ್ರೆ ಒಂದು ಆಳು ಉಳೀತದೆ."

ನೆರೆದವರೂ ನಕ್ಕರು. ಪಾಲಮ್ಮ ದನಿ ಏರಿಸಿದಳು.

"ನಗ್ರಿ ಬಾವ. ಗೋರಿ ಖಾಲಿ ಐತೆ ಅಂತ ಆ ಹೆಂಗಸ್ರು ಓಡಿ ಬಂದು ಹೇಳಿದಾಗ ಅವರ ಗಂಡಸ್ರೂ ಹುಚ್ಚು ಮಾತು ಅಂದ್ರು. ಆಮೇಲೆ ತಾವೇ ಓಡಿ ಹೋಗಿ ಬಗ್ಗಿ ನೋಡಿದ್ರು. ನೀವೂ ನೋಡ್ತೀರಿ."

ಹುಚ್ಚಕ್ಕ ಅವಳ ಕೈ ಎಳೆದು ಬಳೆಗೆ ಕಲ್ಲು ಕುಟ್ಟಿದಳು. ಒಂದು ಬಳೆ ಚೂರಾಯಿತು, ಮಣಿಕಟ್ಟಿನಲ್ಲಿ ರಕ್ತ ಬಂತು. ಕಲ್ಲು ಮತ್ತೆ ಮೇಲೆದ್ದಿತು, ಅಲ್ಲೇ ನಿಂತಿತು.

"ನಿಜವಾಗ್ಲೂ ಬರ್ತಾನೇನೇ?" ಮುದುಕಿ ಸೊಸೆಗೆ ಮಾತ್ರ ಕೇಳುವಂತೆ ಕೇಳಿದಳು. ಮಣ್ಣೊಳಗೆ ಇದ್ದವನು ಅವಳ ಮಗ.

"ಬರ್ತಾನೆ."

ಹುಚ್ಚಕ್ಕ ಕಲ್ಲನ್ನು ಕೆಳಗೆ ಹಾಕಿದಳು.

ದೊಡ್ಡೀರಪ್ಪನ ನಗು ನಿಂತಿತು. "ಬಳೆ ಇಳಿಸದೋಳು ನಮ್ಮ ಮನೆ ಮುಂಡೆಯೂ ಅಲ್ಲ, ಮುತ್ತೈದೆಯೂ ಅಲ್ಲ. ಗುಡಿಸಲಿಗೆ ಕಾಲಿಡಬೇಡ. ಆಕಳು ನನ್ನ ಕೊಟ್ಟಿಗೆಗೆ ಬರ್ತದೆ. ಈಗಲೂ ಹೇಳ್ತೀನಿ, ಕೈ ಕೊಡು."

"ಕೊಡಲ್ಲ."

ಪಾಲಮ್ಮ ಖಾಲಿ ಕುಡಿಕೆಯನ್ನು ಗುಂಡಿಯ ಮೇಲೆ ಬೋರಲು ಹಾಕಿ ಹೊರಟಳು. ಸಂಜೆ ಬಳ್ಳಾರಿ ಕಡೆಯ ಶೇಂಗಾ ಗಾಡಿಯೊಂದು ಅವಳನ್ನು ಹತ್ತಿಸಿಕೊಂಡಿತು. ಗಾಡಿಯವನು ಅವಳ ಬಳೆ ನೋಡಿ ಕೇಳಿದ, "ಯಜಮಾನ್ರು ಎಲ್ಲವ್ರಮ್ಮ?"

"ಮಲಗವ್ರೆ," ಅಂದಳು. "ಯಾಕೆ ಮಲಗವ್ರೆ ಅಂತ ಹೇಳ್ತೀನಿ, ಕೇಳ್ತೀಯಾ?"

ಎತ್ತುಗಳು ನಿಧಾನವಾಗಿ ನಡೆಯುತ್ತಿದ್ದವು. ಅವನು ಕೇಳಿದ, ಅವಳು ಮೊದಲಿನಿಂದ ಹೇಳಿದಳು.

ಹೋದದ್ದು ಇಷ್ಟು: ಗಂಡ, ಗುಡಿಸಲು, ಆಕಳು, ಪ್ರಾರ್ಥನೆಯ ಚಾಪೆಯ ಮೇಲಿನ ಜಾಗ, ಒಂದು ಬಳೆ.