ಐದನೆಯ ಕಾಳು

ಮುಂಡಪ್ಪನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಮೂವತ್ತು ವರ್ಷ ಡೊಂಬಿವಲಿಯ ಹೋಟೆಲಿನ ಗಲ್ಲಾದಲ್ಲಿ ಕೂತವನಿಗೆ ಮರ ಕೊಯ್ಯುವ ಮಿಷನ್ ಯಾವ ಮಹಾ! ಚನಿಯನಿಗೆ ಅವನು ಹೆಂಡತಿಯ ಅಣ್ಣ, ಮೇಲಾಗಿ ಊರಿನಿಂದ ಇಲ್ಲಿ ಮುಂಬೈ ಕಡೆಗೆ ಕರೆತಂದವನು. ಹತ್ತು ವರ್ಷದಲ್ಲಿ ಚನಿಯ ಒಮ್ಮೆಯೂ ಭಾವನ ಮುಖ ನೋಡಿ ಮಾತಾಡಿದವನಲ್ಲ. ಏನಿದ್ದರೂ ಭಾವನ ಅಂಗಿಯ ಎರಡನೆಯ ಗುಂಡಿಯ ಜೊತೆಗೇ ಅವನ ಮಾತುಕತೆ.

ಆ ಬೆಳಿಗ್ಗೆ ಕಲ್ಯಾಣದ ತನ್ನ ಖೋಲಿಯಲ್ಲಿ ಚನಿಯ ಮಿಷನ್ ಬಿಚ್ಚಿ ಕೂತಿದ್ದ. ಪಿಸ್ಟನ್ನಿನ ರಿಂಗ್ ಸವೆದು ಅದಕ್ಕೆ ದಮ್ಮೇ ಇರಲಿಲ್ಲ. ಹೊಸ ರಿಂಗ್ ಹಾಕಿ ಹತ್ತು ಗಂಟೆಯೊಳಗೆ ಡೊಂಬಿವಲಿಯ ಒಂದು ಹೌಸಿಂಗ್ ಸೊಸೈಟಿಗೆ ಮುಟ್ಟಬೇಕು, ಮಳೆಗೆ ಮುಂಚೆ ಅಲ್ಲಿಯ ಗುಲ್‌ಮೊಹರಿನ ಗೆಲ್ಲು ಕಡಿಯಬೇಕು. ಇಷ್ಟು ವರ್ಷ ಬೇರೆಯವರ ಕೈಕೆಳಗೆ ಹಗ್ಗ ಹಿಡಿದವನಿಗೆ ಇದು ಸ್ವಂತದ ಮೊದಲ ಕೆಲಸ. ತಡವಾದರೆ ಜಯೇಶ್ ಎಂಬ ಇನ್ನೊಬ್ಬ ಮರ ಕಡಿಯುವವನನ್ನು ಕರೆಯುವುದಾಗಿ ಸೆಕ್ರೆಟರಿ ಮೊದಲೇ ಹೇಳಿದ್ದ.

ಸಿಲಿಂಡರ್ ತೆಗೆದು, ಪಿಸ್ಟನ್ನಿನ ಕೆಳಗೆ ತೆರೆದುಕೊಂಡ ಇಂಜಿನ್ನಿನ ಬಾಯಿಗೆ, ಒಳಗೆ ಏನೂ ಬೀಳದಂತೆ, ಚನಿಯ ಬಟ್ಟೆ ತುರುಕಿದ್ದ. ಹೊಸ ರಿಂಗುಗಳನ್ನೂ ಅವುಗಳ ತುದಿ ಪಿಸ್ಟನ್ನಿನ ಗೀರಿನಲ್ಲಿರುವ ಪಿನ್ನಿನ ಅಕ್ಕಪಕ್ಕ ಬರುವಂತೆ ಕೂರಿಸಿದ್ದ. ಇನ್ನು ಎಣ್ಣೆ ಸವರಿ, ಬೆರಳಲ್ಲಿ ರಿಂಗ್ ಅದುಮಿ ಸಿಲಿಂಡರ್ ಇಳಿಸಿದರೆ ಮುಗಿಯಿತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಬಿಡಬೇಕಲ್ಲ! ಉಪಕಾರ ಮಾಡಲೆಂದೇ ರಜೆ ಹಾಕಿದ ಭಾವನ ಸವಾರಿ, ಹಣೆಗೆ ಹಸಿ ಗಂಧ ಎಳೆದುಕೊಂಡು ಬಂದೇ ಬಿಟ್ಟಿತು.

"ಎಂತ ಮಾರಾಯ, ಇಂಜಿನ್ ಬಾಯಿಗೆ ಚಿಂದಿ ತುರುಕಿದ್ದೀಯಾ? ಹೊಸ ಸಾಮಾನು ಹಾಕುವಾಗ ಅಕ್ಷತೆ ಬೇಡ್ವಾ?" ಎಂದು ಮುಂಡಪ್ಪ ಬಟ್ಟೆ ಕಿತ್ತೆಸೆದ.

"ಭಾವ, ಅದು..." ಎನ್ನುವಷ್ಟರಲ್ಲಿ ಅವನು ಕಿಸೆಯ ಪೊಟ್ಟಣದಿಂದ ಎಣಿಸಿ ಐದು ಅಕ್ಕಿಕಾಳು ತೆಗೆದು (ದೇವರಿಗೂ ಅಳತೆ ಮೀರಿ ಕೊಡುವ ಆಸಾಮಿಯಲ್ಲ), ಕಣ್ಣು ಮುಚ್ಚಿ ಹಣೆಗೊತ್ತಿಕೊಂಡು, ಪಿಸ್ಟನ್ನಿನ ಮೇಲೆ ಎಸೆದಾಗಿತ್ತು.

ಪಿಸ್ಟನ್ನಿನ ತಲೆಯ ಮೇಲೆ ಎರಡು ಸಿಕ್ಕಿದವು, ಹಾಸಿದ ಪೇಪರಿನ ಮೇಲೆ ಎರಡು. ಐದನೆಯದು ಇಲ್ಲ.

"ದೇವರಿಗೆ ಸೇರಿತು, ಬಿಡು. ಫಿಟ್ ಮಾಡಿ ಸ್ಟಾರ್ಟಿನ ಹಗ್ಗ ಎಳಿ."

"ಒಳಗೆ ಹೋಗಿದ್ರೆ ರಿಂಗ್ ಮುರೀತದೆ ಭಾವ, ಸಿಲಿಂಡರೂ ಹೋಗ್ತದೆ," ಎಂದು ಚನಿಯ ಭಾವನ ಅಂಗಿಯ ಗುಂಡಿಗೆ ಹೇಳಿದ.

ಇಂಜಿನ್ ಕವುಚಿ ಕೊಡವಿದ್ದಾಯಿತು. ಪೆಟ್ರೋಲ್ ಹೊಯ್ದು ತೊಳೆದದ್ದಾಯಿತು. ಭಾವ ಟಾರ್ಚಿನ ಬೆಳಕನ್ನು ಇಂಜಿನ್ನಿನ ಬದಲು ತನ್ನ ಹೊಟ್ಟೆಗೇ ಬಿಟ್ಟುಕೊಂಡು, "ಅಲ್ಲಿ ನೋಡು, ಇಲ್ಲಿ ನೋಡು" ಎಂದು ದಾರಿ ತೋರಿಸಿದ. ಹತ್ತೂಕಾಲಿಗೆ ಸೆಕ್ರೆಟರಿಯ ಫೋನ್ ಬಂತು: "ರೆಹನೇ ದೋ ಭಾಯ್, ಜಯೇಶ್ ಆ ಗಯಾ."

ಇನ್ನು ಬರುವುದು ಬೇಡ, ಜಯೇಶ್ ಬಂದಾಯಿತಂತೆ. ಚನಿಯನಿಗೆ ಅಳು ಬಂತು. ಭಾವ ಮಾತ್ರ, "ಎಲ್ಲ ಒಳ್ಳೆಯದಕ್ಕೇ," ಎಂದು ಚಹಾ ಕೇಳಿದ.

ಹನ್ನೊಂದಕ್ಕೆ ಚನಿಯನ ಹೆಂಡತಿ ಲೋಲಾಕ್ಷಿ ಮಾರ್ಕೆಟ್ಟಿನಿಂದ ಬಂದಳು. ಕೈಚೀಲ ಕೆಳಗಿಡುವ ಮೊದಲೇ ಕೇಳಿದಳು: "ಅಣ್ಣಾ, ಹಣೆಯಲ್ಲಿ ಎಂತ ಅದು, ಅಕ್ಕಿಕಾಳಾ?"

ಐದನೆಯ ಕಾಳು ಗಂಧದ ನಡುವೆ ಅಂಟಿ ಒಣಗಿ, ಹಾಯಾಗಿ ಕೂತಿತ್ತು. ಅಷ್ಟು ಹೊತ್ತೂ ಚನಿಯನ ಎದುರಿಗೇ ಇತ್ತು. ಹಿರಿಯರ ಮುಖ ನೋಡುವ ಕೆಟ್ಟ ಚಾಳಿ ಅವನಿಗೆ ಇರಲಿಲ್ಲ, ಅಷ್ಟೇ.

ಚನಿಯ ಸಿಲಿಂಡರ್ ಕೂರಿಸಿ ಬೋಲ್ಟ್ ಬಿಗಿದ. ಮಿಷನ್ ಹೊರಗೆ ತಂದು ಹಗ್ಗ ಎಳೆದ. ಮೂರನೆಯ ಎಳೆತಕ್ಕೆ ಅದು ಗರ್ಜಿಸಿತು, ಹೊಸದರ ಹಾಗೆ. ಕೊಯ್ಯಲು ಮರವೊಂದೇ ಇರಲಿಲ್ಲ.

"ನೋಡಿದ್ಯಾ ಅಕ್ಷತೆಯ ಮಹಿಮೆ!" ಎಂದು ಮುಂಡಪ್ಪ ಕೈಮುಗಿದು ಕೂಗಿದ.

ಚನಿಯ ಎರಡನೆಯ ಗುಂಡಿಯಿಂದ ಕಣ್ಣೆತ್ತಿ, ಭಾವನ ಮುಖವನ್ನು ನೆಟ್ಟಗೆ ನೋಡಿದ. "ಇನ್ನು ನನ್ನ ಮಿಷನ್ ಹತ್ರ ಬರ್ಬೇಡಿ, ಭಾವ."

ಸದ್ದಿನಲ್ಲಿ ಮುಂಡಪ್ಪನಿಗೆ ಕೇಳಿಸಲಿಲ್ಲ. "ಎಂತ?" ಎಂದು ಕಿವಿಗೆ ಕೈ ಹಿಡಿದ.

ಚನಿಯ ಮಿಷನ್ ಆಫ್ ಮಾಡಿ, ಅದನ್ನೇ ಇನ್ನೊಮ್ಮೆ ಹೇಳಿದ.