ಇಲ್ಲ ಅಂತ ಒತ್ತು

ಚರಣ್ ಫೋನ್ ಮಾಡಿದಾಗಲೆಲ್ಲ ದೇವಣ್ಣ ಮಗ್ಗ ನಿಲ್ಲಿಸುತ್ತಿದ್ದ. ಎದ್ದು ಬರುತ್ತಿರಲಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಲ್ಲೇ, ಮಗಳು ರೋಜಾ ಸ್ಪೀಕರ್ ಹಾಕುವುದನ್ನು ಕಾಯುತ್ತಿದ್ದ. ಥಾಯ್ಲೆಂಡಿನಲ್ಲಿ ಟೈಪಿಂಗ್ ಕೆಲಸ ಎಂದು ಹೋದ ಮಗ ಈಗ ಯಾವ ದೇಶದಲ್ಲಿದ್ದಾನೆ ಎಂಬುದು ಆ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ವಿಮಾನ ಇಳಿದ ದಿನವೇ ಅವನನ್ನು ವ್ಯಾನಿನಲ್ಲಿ ಕೂರಿಸಿ, ಹೊಳೆಯೊಂದನ್ನು ದಾಟಿಸಿ, ಸುತ್ತ ಗೋಡೆಯಿದ್ದ ಕಟ್ಟಡಕ್ಕೆ ಸೇರಿಸಿದ್ದರು. ಪಾಸ್‌ಪೋರ್ಟ್ ಕಿತ್ತುಕೊಂಡಿದ್ದರು. ನಮ್ಮ ಕಡೆಯ ಜನಕ್ಕೆ ಫೋನ್ ಮಾಡಿ, ಸ್ನೇಹ ಬೆಳೆಸಿ, ದುಡ್ಡು ಹಾಕಿಸುವುದು ಅಲ್ಲಿ ಅವನ ಕೆಲಸ. ಅದನ್ನು ಅವನು ಒಂದೇ ಸಲ ಹೇಳಿದ್ದ. ಮತ್ತೆ ಯಾರೂ ಕೇಳಲಿಲ್ಲ.

ದಸರಾ ಕಳೆದ ಮೇಲೆ ಒಂದು ದಿನ ಹೇಳಿದ: "ಅಕ್ಕ, ಕಾಂಟ್ರಾಕ್ಟ್ ಮುರಿಯಕ್ಕೆ ಮೂರ್ ಸಾವ್ರ ಡಾಲರ್ ಕೇಳ್ತಾವ್ರೆ. ಕೊಟ್ರೆ ಒಳೆ ಆ ಕಡೆಗೆ ತಂದು ಬುಡ್ತಾರಂತೆ. ಯುಎಸ್‌ಡಿಟಿಲೇ ಕೊಡ್ಬೇಕು. ಶುಕ್ರವಾರದೊಳ್ಗೆ."

"ಅದೇನ್ಲಾ ಅದು?" ಎಂದಳು ಅನಸೂಯಮ್ಮ, ಅಡುಗೆಮನೆಯ ಬಾಗಿಲಲ್ಲಿ ನಿಂತು.

"ಕಾಯಿನ್ ಕಣವ್ವ. ಫೋನ್ಲೇ ಇರ್ತದೆ. ಒಂದು ಕಾಯಿನ್‌ಗೆ ಒಂದು ಡಾಲರ್. ಏರಲ್ಲ, ಇಳಿಯಲ್ಲ."

"ಅಂಗಿದ್ರೆ ಡಾಲರ್ನೇ ಇಸ್ಕಬೋದಲ್ಲ ಆ ಮುಂಡೇವು."

ಚರಣ್ ನಕ್ಕ. ಬಹಳ ದಿನದ ಮೇಲೆ ಮಗನ ನಗು ಕೇಳಿ ಅನಸೂಯಮ್ಮನಿಗೆ ಅಳು ಬಂತು. ಅಷ್ಟರಲ್ಲಿ ಫೋನು ಕಟ್ಟಾಗಿತ್ತು.

ರೋಜಾ ಬಿ.ಕಾಂ. ಮುಗಿಸಿ ಕೊಳ್ಳೇಗಾಲದಲ್ಲೇ ತೆರಿಗೆ ಸಲಹೆಗಾರ ಶಿವರುದ್ರಸ್ವಾಮಿಯವರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ಪೊಲೀಸರಿಗೆ ದೂರು ಕೊಟ್ಟಾಗಿತ್ತು, ದೂತಾವಾಸಕ್ಕೆ ಬರೆದಾಗಿತ್ತು. ಎರಡೂ ಕಡೆ ಕಾಯಬೇಕಿತ್ತು. ಮರುದಿನ ಕಕ್ಷಿದಾರರೆಲ್ಲ ಎದ್ದುಹೋದ ಮೇಲೆ ಶಿವರುದ್ರಸ್ವಾಮಿಯವರ ಮುಂದೆ ಕೂತು ವಿಷಯ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕೊಂಡ್ಕೊಳ್ಳೋದಕ್ಕೆ ಕಾನೂನು ಅಡ್ಡ ಬರಲ್ಲಮ್ಮ. ಸರ್ಕಾರದಲ್ಲಿ ನೋಂದಣಿ ಆಗಿರೋ ಆ್ಯಪಲ್ಲಿ, ನಿನ್ನ ಪ್ಯಾನ್ ಕೊಟ್ಟು, ನಿನ್ನ ಬ್ಯಾಂಕ್ ಖಾತೆಯಿಂದ ಕೊಂಡ್ಕೊ. ಅಪ್ಪ, ದೊಡ್ಡಮ್ಮ ಕೊಟ್ಟ ದುಡ್ಡಿಗೆ ತೆರಿಗೆ ಇಲ್ಲ, ಹತ್ತಿರದ ಸಂಬಂಧ. ಕೊಂಡು ಸುಮ್ನೆ ಇಟ್ಕೊಂಡ್ರೂ ಇಲ್ಲ. ಮಾರಿದಾಗ ಒಂದು ಪರ್ಸೆಂಟ್ ಟಿಡಿಎಸ್ ಹಿಡೀತಾರೆ. ಲಾಭ ಬಂದ್ರೆ ಅದರಲ್ಲಿ ಮೂವತ್ತು ಪರ್ಸೆಂಟು, ಮೇಲೆ ಸೆಸ್ಸು."

"ನನ್ನ ಸಂಬಳಕ್ಕೆ ತೆರಿಗೆನೇ ಬರಲ್ವಲ್ಲ ಸರ್."

"ಸಂಬಳದ ವಿನಾಯಿತಿ ಇದಕ್ಕೆ ಸಿಗಲ್ಲ. ಇನ್ನೊಂದರಲ್ಲಿ ನಷ್ಟ ಆಗಿದ್ರೂ ಇದರಲ್ಲಿ ಕಳೆಯೋ ಹಾಗಿಲ್ಲ. ಲಾಟರಿ ಹೊಡೆದವನಿಗೂ ಮೂವತ್ತು, ನಿನಗೂ ಮೂವತ್ತು." ಕನ್ನಡಕ ಮತ್ತೆ ಹಾಕಿಕೊಂಡು, "ಇದು ಕೊಳ್ಳೋ ಮಾತು. ಆ ಕಡೆಗೆ ಕಳಿಸೋ ಮಾತಿಗೆ ನಾನು ಸಲಹೆ ಕೊಡಲ್ಲ. ಕೇಳಲೂಬೇಡ" ಎಂದರು.

ಅದೇ ಹೊತ್ತಿಗೆ ದೇವಣ್ಣನಿಗೆ ಯಾರೋ ಹನೂರಿನ ಮೂರ್ತಿಯ ಹೆಸರು ಹೇಳಿದ್ದರು. ಮೂರ್ತಿಗೆ ಮೊಬೈಲ್ ಅಂಗಡಿಯಿತ್ತು, ನೋಟು ಕೊಟ್ಟರೆ ಕಾಯಿನ್ ಹಾಕಿಕೊಡುತ್ತಿದ್ದ. ಅಪ್ಪ ಮಗಳು ಬಸ್ಸಿನಲ್ಲಿ ಹೋದರು.

"ನೋಟು ತಂದಿದ್ದೀರಾ ಯಜಮಾನ್ರೆ? ಕೊಡಿ. ಟೀ ಕುಡಿಯದ್ರೊಳ್ಗೆ ಆಕ್ತೀನಿ" ಎಂದ ಮೂರ್ತಿ.

"ಬಿಲ್ಲು?" ಎಂದಳು ರೋಜಾ.

"ಬಿಲ್ಲಾ?" ಅವನು ದೇವಣ್ಣನ ಕಡೆ ತಿರುಗಿದ. "ನಿಮ್ಮ ಮಗ್ಳೇನು ಯಜಮಾನ್ರೆ, ಇನ್‌ಕಮ್ ಟ್ಯಾಕ್ಸ್ ಆಪೀಸ್ರಾ?"

ಅಗರದ ದಿನೇಶ್ ಎಂಬಾತ ಹೀಗೇ ಗುರುತಿಲ್ಲದವರ ಜೊತೆ ಕಾಯಿನ್ ವ್ಯವಹಾರ ಮಾಡಿ, ಬಂದ ದುಡ್ಡು ಯಾರದೋ ಮೋಸದ ದುಡ್ಡಾಗಿ, ಬೇರೆ ರಾಜ್ಯದ ಪೊಲೀಸರ ಒಂದು ಪತ್ರಕ್ಕೆ ಖಾತೆ ನಿಂತುಹೋಗಿ, ಈಗಲೂ ಶಿವರುದ್ರಸ್ವಾಮಿಯವರ ಕಚೇರಿಗೆ ಅಲೆಯುತ್ತಿದ್ದ. ರೋಜಾ ಅದನ್ನು ಅಪ್ಪನಿಗೆ ಹೇಳಿದಳು. ಈ ನೋಟು ಇನ್ಯಾರ ಕೈಗೆ ಹೋಗುತ್ತದೋ, ಆ ಕಾಯಿನ್ ಯಾರ ಮನೆ ಹಾಳು ಮಾಡಿ ಬಂದಿದೆಯೋ ಎಂದಳು. ದೇವಣ್ಣ ಚೀಲವನ್ನು ತೊಡೆಯ ಮೇಲಿಂದ ಎತ್ತಿ ಕಂಕುಳಿಗೆ ಸೇರಿಸಿದ. ವಾಪಸು ಬರುವಾಗ ಅವನು ಕಿಟಕಿಯ ಕಡೆಯೇ ನೋಡುತ್ತಿದ್ದ.

ರೋಜಾಳ ಹೆಸರಿನಲ್ಲಿ ಆ್ಯಪ್ ತೆರೆದು, ಆಧಾರ್ ಕೊಟ್ಟು, ಕ್ಯಾಮೆರಾದ ಮುಂದೆ ಮುಖ ತಿರುಗಿಸಿ, ಎಲ್ಲ ಆಯಿತು. ಚೀಲದ ದುಡ್ಡು ಮತ್ತೆ ದೇವಣ್ಣನ ಖಾತೆ ಸೇರಿತ್ತು: ಅನಸೂಯಮ್ಮನ ಸರ ಮಾರಿದ್ದು, ಮಾಂಬಳ್ಳಿಯಿಂದ ದೊಡ್ಡಮ್ಮ ಶಿವರತ್ನಮ್ಮ ತಂದುಕೊಟ್ಟದ್ದು. ಮೊದಲು ತನ್ನ ಖಾತೆಗೆ ಹಾಕಿಸು, ಅಲ್ಲಿಂದ ಆ್ಯಪಿಗೆ ತಾನು ಹಾಕುತ್ತೇನೆ ಎಂದು ರೋಜಾ ಎರಡೂ ಖಾತೆಗಳ ಸಂಖ್ಯೆ ಬರೆದುಕೊಟ್ಟು ಕೆಲಸಕ್ಕೆ ಹೋದಳು.

ದೇವಣ್ಣ ಬ್ಯಾಂಕಿನ ಸಾಲಿನಲ್ಲಿ ನಿಂತು ಯೋಚಿಸಿದ. ಸುತ್ತು ಹಾಕಿದರೆ ಒಂದು ದಿನ ಹೆಚ್ಚು ಹಿಡಿಯಬಹುದು. ಆ ಮನೆಯಲ್ಲಿ ಖಾತೆ ಯಾರ ಹೆಸರಿಗಿದ್ದರೂ ದುಡ್ಡು ಮನೆಯದು. ಅಣ್ಣತಮ್ಮಂದಿರು ಒಟ್ಟಿಗಿದ್ದಾಗ ಮೂರು ಮಗ್ಗದ ಕೂಲಿಯೂ ಅವನ ತಾಯಿಯ ಬ್ಯಾಂಕ್ ಪುಸ್ತಕಕ್ಕೇ ಬೀಳುತ್ತಿತ್ತು. ಅವನು ನೇರವಾಗಿ ಆ್ಯಪಿನ ಖಾತೆಗೇ ಹಾಕಿಸಿ, ಮಗಳಿಗೆ ಫೋನ್ ಮಾಡಿ, "ಆಕ್ದೆ ಕಣವ್ವ, ನಿನ್ಗೂ ಒಂದು ಕೆಲ್ಸ ಉಳೀತು" ಎಂದ.

ಸಂಜೆ ಸಂದೇಶ ಬಂತು. ಹೆಸರು ಹೊಂದಿಕೆಯಾಗದ ಕಾರಣ ಹಣ ತಿರಸ್ಕೃತವಾಗಿದೆ. ಬಂದ ಖಾತೆಗೇ ಕೆಲವು ಕೆಲಸದ ದಿನಗಳಲ್ಲಿ ಮರಳುತ್ತದೆ. ರೋಜಾ ಅದನ್ನು ಓದಿ ಹೇಳಿದಳು. ದೇವಣ್ಣ, "ನಾನೇನ್ ಬ್ಯಾರೆಯವ್ನಾ" ಎಂದ.

ಶುಕ್ರವಾರ ಚರಣ್ ಫೋನ್ ಮಾಡಿದ. ಇನ್ನೆರಡು ದಿನ ಬೇಕು ಎಂದು ರೋಜಾ ಹೇಳುತ್ತಿದ್ದಂತೆ ಇನ್ನೊಂದು ದನಿ ಹಿಂದಿಯಲ್ಲಿ ಏನೋ ಬೈದದ್ದು ಕೇಳಿಸಿತು. ಅಷ್ಟೇ. ಹಣ ಮರಳಿ, ಅವಳ ಖಾತೆ ಸೇರಿ, ಕಾಯಿನ್ ಕೊಂಡದ್ದು ಮುಂದಿನ ವಾರ. ಆಗ ಆ ನಂಬರಿಗೆ ಕರೆ ಹೋಗುತ್ತಿರಲಿಲ್ಲ.

ದಿನಗಳು ಹೋದವು. ಹನೂರಿನಲ್ಲೇ ಕೊಂಡಿದ್ದರೆ ಆಗುತ್ತಿತ್ತು ಎಂದು ದೇವಣ್ಣ ಹೇಳಲಿಲ್ಲ. ಬರೆದುಕೊಟ್ಟಂತೆ ಹಾಕಿದ್ದರೆ ಆಗುತ್ತಿತ್ತು ಎಂದು ರೋಜಾ ಹೇಳಲಿಲ್ಲ. ಹೇಳದೆ ಉಳಿದ ಎರಡು ಮಾತುಗಳ ನಡುವೆ ಅನಸೂಯಮ್ಮ ತಟ್ಟೆ ಇಟ್ಟು, ಬಡಿಸಿ, ಎತ್ತುತ್ತಿದ್ದಳು. ಯಾರಾದರೂ ಕೂಗಾಡಿದ್ದರೆ ಒಳ್ಳೆಯದಿತ್ತು ಎಂದು ರೋಜಾಗೆ ಅನ್ನಿಸುತ್ತಿತ್ತು. ಜಗಳಕ್ಕೆ ಒಂದು ಕೊನೆಯಿರುತ್ತದೆ.

ಶಿವರತ್ನಮ್ಮ ಮಾಂಬಳ್ಳಿಯಿಂದ ಆಗಾಗ ಬರುತ್ತಿದ್ದಳು. ಕಾಫಿ ಕುಡಿದು, ಭತ್ತದ ಮಾತಾಡಿ, ಬಸ್ಸಿನ ಹೊತ್ತಾಯಿತೆಂದು ಏಳುತ್ತಿದ್ದಳು. ತನ್ನ ದುಡ್ಡಿನ ಮಾತೆತ್ತುತ್ತಿರಲಿಲ್ಲ. ಅವಳ ಕಣ್ಣಿನ ಪೊರೆ ಬಲಿತಿತ್ತು. ಹೊಸ್ತಿಲು ದಾಟುವಾಗ ಬಾಗಿಲ ಚೌಕಟ್ಟು ತಡವುತ್ತಿದ್ದಳು. ಆಪರೇಷನ್ ಯಾವಾಗ ಎಂದು ಕೇಳಲು ಅನಸೂಯಮ್ಮನಿಗೆ ಬಾಯಿ ಬರುತ್ತಿರಲಿಲ್ಲ.

ಸಂಕ್ರಾಂತಿ ಕಳೆದು ರೋಜಾ ಆ್ಯಪ್ ತೆರೆದಾಗ ಕಾಯಿನ್ ಅಷ್ಟೇ ಇತ್ತು, ಬೆಲೆ ಮಾತ್ರ ಹೆಚ್ಚಾಗಿತ್ತು. ಡಾಲರಿನ ಮುಂದೆ ರೂಪಾಯಿ ಇಳಿದಿತ್ತು. ತಮ್ಮನನ್ನು ಬಿಡಿಸಲು ಇಟ್ಟ ದುಡ್ಡು, ಅವನು ಎಲ್ಲಿದ್ದಾನೆಂದು ತಿಳಿಯದ ಈ ತಿಂಗಳುಗಳಲ್ಲಿ, ಸುಮ್ಮನೆ ಕೂತು ಬೆಳೆದಿತ್ತು. ಅವಳಿಗೆ ಹೇಸಿಗೆಯಾಯಿತು.

"ಮಾರ್ಬುಡದಾ ಅಪ್ಪ? ದೊಡ್ಡಮ್ಮನ ಕಣ್ಣಾದ್ರೂ..."

"ಮಾರಿದ ದಿನ್ವೇ ಅವ್ನು ಫೋನ್ ಮಾಡುದ್ರೆ?" ಎಂದ ದೇವಣ್ಣ. "ಬ್ಯಾಡ. ಇರ್ಲಿ."

ಫೋನ್ ಬಂದದ್ದು ಶಿವರಾತ್ರಿಯ ಹಿಂದಿನ ಮಧ್ಯಾಹ್ನ, ಹೊಸ ನಂಬರಿನಿಂದ. ಭಾನುವಾರವಾದ್ದರಿಂದ ರೋಜಾ ಮನೆಯಲ್ಲಿದ್ದಳು. ಮೂವರೂ ಫೋನಿನ ಸುತ್ತ ಕೂತರು.

"ಅಕ್ಕ, ಚರಣ್. ಆ ಕಾಯಿನ್ ಇದ್ದದಾ?"

"ಎಲ್ಲಿದ್ದೀಯಪ್ಪಾ? ಉಣ್ಣಕ್ ಕೊಡ್ತಾರಾ?" ಎಂದಳು ಅನಸೂಯಮ್ಮ.

"ಚೆನ್ನಾಗಿವ್ನಿ ಕಣವ್ವ. ಬ್ಯಾರೆ ಕಂಪ್ನಿಗೆ ಮಾರುದ್ರು. ಇವ್ರು ಅಷ್ಟಕ್ಕೇ ಬುಡ್ತಾರಂತೆ. ಅಕ್ಕ, ಆ್ಯಪ್ ತಗಿ. ಕಾಯಿನ್ ಕಳ್ಸಕ್ಕೆ ಒಂದು ವಿಳಾಸ ಕಳಿಸಿವ್ನಿ. ಕಾಪಿ ಮಾಡು. ಕೈಲಿ ಟೈಪ್ ಮಾಡ್ಬ್ಯಾಡ."

ಅವನ ಮಾತು ನಿಧಾನವಾಗಿ, ನುಣುಪಾಗಿ ಬರುತ್ತಿತ್ತು. ಮೊದಲು ತಡವರಿಸುತ್ತಿದ್ದ ಹುಡುಗ ಈಗ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಅವಳು ಒತ್ತುವಷ್ಟು ಹೊತ್ತು ಕಾದು, ಮುಂದಿನದನ್ನು ಹೇಳುತ್ತಿದ್ದ. ಅವನ ಹಿಂದೆ ಹತ್ತಾರು ದನಿಗಳು ಹಾಗೆಯೇ ಮಾತಾಡುತ್ತಿದ್ದವು, ಯಾವ ಯಾವುದೋ ಭಾಷೆಯಲ್ಲಿ.

ರೋಜಾಳ ಕೈ ನಿಂತಿತು. ಪರದೆಯ ಮೇಲೆ ಒಂದು ಪ್ರಶ್ನೆ ಬಂದಿತ್ತು. ಈ ಹಣ ಕಳಿಸುವಂತೆ ಯಾರಾದರೂ ಫೋನಿನಲ್ಲಿ ನಿಮಗೆ ಹೇಳಿಕೊಡುತ್ತಿದ್ದಾರೆಯೇ? ಹೌದು. ಇಲ್ಲ.

"ಏನೋ ಕೇಳ್ತದೆ ಚರಣ."

"ಗೊತ್ತು. ಎಲ್ಲಾರ್ಗೂ ಕೇಳ್ತದೆ. ಗಾಬರಿ ಆಗ್ಬೇಡಿ ಮೇಡಂ, ಇಲ್ಲ ಅಂತ ಒತ್ತಿ."

ಅವನು ತಾನಂದದ್ದು ತನಗೇ ಕೇಳಿಸಿದಂತೆ ನಿಂತ. ಮತ್ತೆ, "ಇಲ್ಲ ಅಂತ ಒತ್ತು ಅಕ್ಕ" ಎಂದ.

ರೋಜಾ ಒತ್ತಲಿಲ್ಲ. ಅಗರದ ದಿನೇಶನ ಖಾತೆಗೆ ಬಂದದ್ದು ಯಾರ ದುಡ್ಡೋ. ಆ ದುಡ್ಡು ಕಳೆದುಕೊಂಡವರ ಕಿವಿಯಲ್ಲಿ ಇಂಥದೇ ಒಂದು ದನಿ ಇದ್ದಿರಬೇಕು.

"ಎಷ್ಟ್ ಜನಕ್ಕೆ ಹಿಂಗೆ ಒತ್ತಿ ಅಂತ ಯೇಳಿದ್ದೀಯಾ?" ಎಂದಳು.

ಹಿಂದಿನ ದನಿಗಳು ಮಾತ್ರ ಕೇಳುತ್ತಿದ್ದವು. ದೇವಣ್ಣ ಮಗಳ ಮೊಣಕೈ ಹಿಡಿದು, "ಒತ್ತವ್ವ" ಎಂದ. "ಕಳ್ದೋದ್ರೆ ಕಳ್ದೋಗ್ಲಿ."

"ಚರಣ, ನೀನೇ ಯೇಳು. ಕೊಟ್ರೆ ಬುಡ್ತಾರಾ?"

ಉಸಿರು ಹತ್ತಿರ ಬಂತು, ಫೋನನ್ನು ಬಾಯಿಗೆ ಒತ್ತಿಕೊಂಡಂತೆ. ಆ ನುಣುಪು ದನಿ ಹೋಗಿತ್ತು.

"ಒತ್ಬ್ಯಾಡ ಅಕ್ಕ. ಬುಡಲ್ಲ. ಇವ್ರು ಯಾರ್ನೂ ಬುಟ್ಟಿಲ್ಲ."

ಏನೋ ಬಿದ್ದ ಸದ್ದಾಯಿತು. ಕುರ್ಚಿಯಿರಬಹುದು. ಲೈನ್ ಸತ್ತಿತು.

ಪ್ರಶ್ನೆ ಇನ್ನೂ ಪರದೆಯ ಮೇಲೇ ಇತ್ತು. ಉತ್ತರ ಕೊಡದೆ ಇಟ್ಟರೆ ಅದು ತಾನಾಗಿ ಮಾಯವಾಗುತ್ತದೆ ಎಂಬುದು ರೋಜಾಗೆ ಆಗ ಗೊತ್ತಾಯಿತು.

ಆ ಹೊಸ ನಂಬರನ್ನೂ, ಅವನು ಕಳಿಸಿದ ವಿಳಾಸವನ್ನೂ ಮರುದಿನ ಪೊಲೀಸರಿಗೆ ಕೊಟ್ಟು ಬಂದರು. ಅವರು ಬರೆದುಕೊಂಡರು. ಅದೇ ವಾರ, ಯಾರೂ ಕೇಳದೆ, ದೇವಣ್ಣನೇ ಅಂದ: "ಮಾರ್ಬುಡು. ಅತ್ಗೆಮ್ಮನ ಕಣ್ಣು ನೋಡ್ಸು."

ಅವನು ಪಕ್ಕದಲ್ಲೇ ಕೂತಿದ್ದಾಗ ರೋಜಾ ಮಾರಿದಳು. ಒಂದು ಪರ್ಸೆಂಟ್ ಹಿಡಿದು ಉಳಿದದ್ದು ಅವಳ ಖಾತೆಗೆ ಬಂತು. ಹಿಡಿದದ್ದು ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ, ಲಾಭದ ಮೇಲೆ ಮೂವತ್ತು ಪರ್ಸೆಂಟ್ ಕಟ್ಟಬೇಕು ಎಂದು ಅವಳು ಬಿಡಿಸಿ ಹೇಳಿದಳು. ಡಾಲರ್ ಏರಿದ್ದು, ಅದಕ್ಕೇ ಈ ಲಾಭ ಹುಟ್ಟಿದ್ದು, ಎಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ ಮಾತು ಕೇಳುವಂತೆ ದೇವಣ್ಣ ಕೇಳಿಸಿಕೊಂಡ.

"ಲಾಭ ಅಂತ್ಲೇ ಬರ್ಕತಾರಾ ಅದ?"

"ಹೂಂ."

"ಪೂರಾ ಕಟ್ಬುಡು. ಅದ್ರಲ್ಲಿ ಒಂದ್ ರೂಪಾಯೂ ಮನೇಲಿ ಉಳೀಬಾರ್ದು."

ಅನಸೂಯಮ್ಮ ಗೋಡೆಗೊರಗಿ ಕೂತಿದ್ದಳು. ಇಬ್ಬರ ಮಾತೂ ಅವಳ ಕಿವಿಗೆ ಬಿದ್ದಂತಿರಲಿಲ್ಲ. ಆಮೇಲೆ ಮಗಳ ಕಡೆ ತಿರುಗಿದಳು.

"ಮತ್ತೆ ಯಾವತ್ತಾದ್ರೂ ಫೋನ್ ಮಾಡಿ ಆ ದುಡ್ಡು ಇದ್ದದಾ ಅಂತ ಕೇಳುದ್ರೆ," ಎಂದಳು, "ಅದೆ ಅನ್ನು ಮಗಾ. ನಿನ್ಗೇ ಅಂತ ಅಂಗೇ ಮಡ್ಗಿವ್ನಿ ಅನ್ನು."

ರೋಜಾ ತಲೆಯಾಡಿಸಿದಳು. ದೇವಣ್ಣ ಎದ್ದು ಹಿತ್ತಲಿಗೆ ಹೋದ. ತಾನು ಕೂಡ ಇನ್ನು ಮುಂದೆ ತಮ್ಮನ ಜೊತೆ ಆ ನುಣುಪು ದನಿಯಲ್ಲೇ ಮಾತಾಡಬೇಕು ಎಂಬುದು ಅವಳಿಗೆ ಹೊಳೆಯಿತು. ಅವನು ಅದನ್ನು ಮೊದಲ ಮಾತಿಗೇ ಗುರುತಿಸುತ್ತಾನೆ ಎಂಬುದೂ.