ಉಬ್ಬು ಕನ್ನಡಿ

ಮೂವತ್ತು ವರ್ಷ ಕನ್ನಡಿ ಅಂಗಡಿಯವರ ಹೆಂಡತಿಯಾಗಿ ಬಾಳಿದ ನನಗೆ ಕಾರಿನ ಕನ್ನಡಿ ಒಡೆಯಲು ಬೇರೆ ದಿನ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಲೈಸೆನ್ಸ್ ಪರೀಕ್ಷೆ. ಒಂದು ಸಲ ಹಿಂದಕ್ಕೆ ತೆಗೆದು ನೋಡೋಣವೆಂದು ಹೋದವಳು ನಮ್ಮದೇ ಗೇಟಿನ ಕಂಬಕ್ಕೆ ಎಡಗಡೆಯ ಕನ್ನಡಿ ತಾಗಿಸಿದೆ. ಗಾಜು ಚೂರುಚೂರಾಗಿ ಬಿತ್ತು, ಅದರ ಪ್ಲಾಸ್ಟಿಕ್ ಗೂಡು ಮಾತ್ರ ಉಳಿಯಿತು.

ಅದು ನನ್ನ ಮೂರನೆಯ ಪರೀಕ್ಷೆ. ಎರಡನೇ ಸಲ ಫೇಲಾದ ದಿನ ಸಿಟ್ಟಿನ ಭರದಲ್ಲಿ ಮನೆಮಂದಿಯ ಮುಂದೆಲ್ಲ ಹೇಳಿಬಿಟ್ಟಿದ್ದೆ: ಇನ್ನೊಂದು ಸಲ ಹೀಗಾದರೆ ಕಾರನ್ನು ಮೈದುನನಿಗೆ ಕೊಟ್ಟುಬಿಡುತ್ತೇನೆ. ಅಂದಿನಿಂದ ಮೈದುನ ಬಂದಾಗಲೆಲ್ಲ ನಮ್ಮನ್ನು ಮಾತಾಡಿಸುವ ಮೊದಲು ಕಾರಿನ ಬಾನೆಟ್ ಸವರುತ್ತಿದ್ದ. ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಆ ಕಾರು ನನಗೆ ಬೇಕೇ ಬೇಕು. ಮಗಳ ಮನೆ ಒಂದು ಗಂಟೆ ದಾರಿ. ಮನಸ್ಸು ಬಂದಾಗ ಯಾರ ಹಂಗೂ ಇಲ್ಲದೆ ಹೋಗಿ ಮೊಮ್ಮಗಳನ್ನು ಎತ್ತಿಕೊಳ್ಳಬೇಕು.

ಎರಡು ಸಲವೂ ಪರೀಕ್ಷಕರು ಹೇಳಿದ್ದು ಒಂದೇ ಮಾತು. ಕನ್ನಡಿಯನ್ನೇ ನಂಬಿ ಕೂರುತ್ತೀರಿ, ಪಕ್ಕಕ್ಕೆ ಹೋಗುವಾಗ ಕತ್ತು ತಿರುಗಿಸಿ ನೋಡುವುದಿಲ್ಲ ಎಂದು. ನೋಡುವುದಾದರೂ ಹೇಗೆ? ಕನ್ನಡಿಯಿಂದಲೇ ಅನ್ನ ಉಂಡವಳು ನಾನು. ಅದು ತೋರಿಸಿದ ಮೇಲೂ ತಿರುಗಿ ನೋಡುವುದೆಂದರೆ, ಗಂಡ ಹೇಳಿದ್ದನ್ನು ಪಕ್ಕದ ಮನೆಯಲ್ಲಿ ವಿಚಾರಿಸಿದ ಹಾಗೆ ಅನ್ನಿಸುತ್ತಿತ್ತು.

ಚೂರುಗಳನ್ನು ಪೇಪರಿನಲ್ಲಿ ಕಟ್ಟಿಕೊಂಡು ನಾನೂ ನಮ್ಮವರೂ ಆಟೋದಲ್ಲಿ ಕಾರಿನ ಬಿಡಿಭಾಗದ ಅಂಗಡಿಗೆ ಹೋದೆವು. ಕೌಂಟರಿನವನು ಕಂಪ್ಯೂಟರು ನೋಡಿ, ಗಾಜನ್ನು ಬಿಡಿಯಾಗಿ ಕೊಡುವುದಿಲ್ಲ, ಗೂಡು, ಮೋಟಾರು, ದೀಪ, ಬಣ್ಣ ಎಲ್ಲ ಸೇರಿ ಹದಿನಾಲ್ಕು ಸಾವಿರ ಎಂದ. ನಮ್ಮವರ ಹುಬ್ಬು ನೆತ್ತಿಗೇರಿತು. ಅಂಗೈಯಗಲದ ಗಾಜಿಗೆ ಹದಿನಾಲ್ಕು ಸಾವಿರವೇ? ಅಷ್ಟು ದುಡ್ಡಿಗೆ ತಾನು ಒಂದಿಡೀ ಲಾಡ್ಜಿನ ಬಚ್ಚಲುಗಳಿಗೆಲ್ಲ ಕನ್ನಡಿ ಹಾಕಿಕೊಟ್ಟಿದ್ದೇನೆ ಎಂದು ಶುರುಮಾಡಿದರು. ಮಾತಾಡುತ್ತಲೇ ಒಂದು ಚೂರನ್ನು ಬೆಳಕಿಗೆ ಹಿಡಿದವರು ಕಳ್ಳನನ್ನು ಹಿಡಿದಷ್ಟು ಖುಷಿಪಟ್ಟರು.

"ನೋಡೇ, ಗಾಜು ಉಬ್ಬಿದೆ. ಇದ್ದದ್ದನ್ನ ಚಿಕ್ಕದು ಮಾಡಿ ತೋರಿಸುತ್ತೆ. ಇಂಥ ಮಾಲು ನನ್ನ ಅಂಗಡಿಗೆ ಬಂದ್ರೆ ಲಾರಿಯಿಂದ ಇಳಿಸೋಕೇ ಬಿಡಲ್ಲ."

ಅದನ್ನು ಬೇಕೆಂತಲೇ ಹಾಗೆ ಮಾಡಿರುತ್ತಾರೆ ಎಂದು ಕೌಂಟರಿನವನು ಹೇಳಲು ಹೋದ. ಇವರು ಕೇಳಬೇಕಲ್ಲ. ಮೂವತ್ತು ವರ್ಷದಿಂದ ಉಬ್ಬಿದ ಗಾಜನ್ನು ವಾಪಸ್ ಕಳಿಸಿದ್ದೇ ಇವರ ಹೆಗ್ಗಳಿಕೆ. ನನ್ನನ್ನು ಎಳೆದುಕೊಂಡೇ ಹೊರಟರು.

ಮನೆಗೆ ತಾಗಿಕೊಂಡೇ ಇರುವ ನಮ್ಮ ಅಂಗಡಿಗೆ ಬಂದು ಕಾರಿನ ಗೂಡಿನ ಅಳತೆಗೆ ಕಾಗದ ಕತ್ತರಿಸಿದರು. ಅದನ್ನು ಒಳ್ಳೆಯ ದಪ್ಪ ಸಪಾಟು ಕನ್ನಡಿಯ ಮೇಲಿಟ್ಟು ಕಟ್ಟರ್ ಎಳೆದರು, ಗಾಜು ಟಕ್ಕೆಂದು ಬಿಟ್ಟುಕೊಂಡಿತು. ಅಂಚು ಮಸೆದು, ಯಾರೂ ಕೇಳದಿದ್ದರೂ ಸುತ್ತ ಅಂದಕ್ಕೆ ಇಳಿಜಾರು ಪಟ್ಟಿ ಕೆತ್ತಿ, ಮದುವೆಮನೆಗೆ ಕಳಿಸುವ ಕನ್ನಡಿಯ ಹಾಗೆ ಒರೆಸಿ ಅಂಟಿಸಿದರು. ಅವರು ಹೀಗೆ ಮೈಮರೆತು ಕೆಲಸ ಮಾಡುವಾಗ ನನಗೆ ಇಂದಿಗೂ ಅವರ ಮೇಲೆ ಪ್ರೀತಿ ಉಕ್ಕುತ್ತದೆ. ಅದಕ್ಕೇ ಕಾರಿನಲ್ಲಿ ಕೂತು ನೋಡದೆಯೇ ಒಪ್ಪಿಬಿಟ್ಟೆ.

ಬೆಳಿಗ್ಗೆ ಡ್ರೈವಿಂಗ್ ಮೇಷ್ಟರು ಕಾರನ್ನು ಮೈದಾನದವರೆಗೆ ತಂದುಕೊಟ್ಟರು. ಇಳಿಯುವಾಗ ಆ ಕನ್ನಡಿಯತ್ತ ಒಮ್ಮೆ, ಪಕ್ಕದಲ್ಲಿ ಬೀಗುತ್ತ ನಿಂತ ನಮ್ಮವರತ್ತ ಒಮ್ಮೆ ನೋಡಿ, ತೆರೆದ ಬಾಯಿ ಮುಚ್ಚಿಕೊಂಡು ಹೋದರು. ನಾನು ಸೀಟಿನಲ್ಲಿ ಕೂತು ಎಡಕ್ಕೆ ಕಣ್ಣು ಹಾಯಿಸಿದೆ. ಹಿಂಬಾಗಿಲಿನ ಹಿಡಿಕೆ ಕಂಡಿತು, ಅದರಾಚೆ ಗೇಣಗಲ ರಸ್ತೆ ಕಂಡಿತು. ಅಷ್ಟೇ. ಹೇಗೆ ತಿರುಗಿಸಿದರೂ ಗೇಣಿಗಿಂತ ಹೆಚ್ಚು ರಸ್ತೆ ಸಿಗಲಿಲ್ಲ. ಅಷ್ಟರಲ್ಲಿ ಪರೀಕ್ಷಕರು ಬಂದು ಪಕ್ಕದಲ್ಲಿ ಕೂತೇಬಿಟ್ಟರು.

ಬೇರೆ ದಾರಿಯಿರಲಿಲ್ಲ. ಎಡಕ್ಕೆ ಸರಿಯಬೇಕಾದಾಗಲೆಲ್ಲ ಕತ್ತು ತಿರುಗಿಸಿ ನೋಡಿದೆ. ಎಡಗಡೆಯೇ ಹೀಗಾದ ಮೇಲೆ ಬಲಗಡೆಯದರ ಮೇಲೂ ಅನುಮಾನ ಬಂದು ಆ ಕಡೆಗೂ ತಿರುಗಿದೆ. ಕೊನೆಗೆ ಕಾರು ನಿಲ್ಲಿಸಿದಾಗ ಕತ್ತು ನೋಯುತ್ತಿತ್ತು. ಪರೀಕ್ಷಕರು ಪೆನ್ನು ಜೇಬಿಗಿಟ್ಟುಕೊಂಡರು.

"ಈ ಸಲ ಕನ್ನಡಿ ನಂಬಿ ಕೂರಲಿಲ್ಲ ನೀವು. ಪಾಸ್."

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮೈದುನ ಇನ್ನು ಯಾವ ಬಾನೆಟ್ ಬೇಕಾದರೂ ಸವರಿಕೊಳ್ಳಲಿ. ನಮ್ಮವರು ಬೇಲಿಯಾಚೆ ನಿಂತಿದ್ದರು. ತಮ್ಮ ಕನ್ನಡಿಯೇ ಗೆಲ್ಲಿಸಿತೆಂದು ಜಂಬ ಕೊಚ್ಚಲಿ, ನಾನು ಬಾಯಿ ಬಿಡುವುದಿಲ್ಲ ಎಂದು ನಿಶ್ಚಯಿಸಿಕೊಂಡೆ. ಅವರು ಬಂದವರೇ ನನ್ನನ್ನು ಇಳಿಸಿ, ಜನ್ಮದಲ್ಲಿ ಮೊದಲ ಸಲ ಡ್ರೈವರ್ ಸೀಟಿನಲ್ಲಿ ಕೂತು ಎಡಕ್ಕೆ ನೋಡಿದರು. ಬಹಳ ಹೊತ್ತು ನೋಡಿದರು.

"ಪ್ರತಿ ಸಲ ಕತ್ತು ತಿರುಗಿಸ್ತಿದ್ದೆ ನೀನು. ಬೇಲಿ ಹತ್ರ ನಿಂತು ನೋಡ್ದೆ."

"ಕನ್ನಡಿ ತುಂಬ ಸ್ವಚ್ಛವಾಗಿತ್ತು ರೀ," ಎಂದೆ.

"ಹೌದು, ಬಾಗಿಲ ಹಿಡಿಕೆ ಸ್ವಚ್ಛವಾಗಿ ಕಾಣುತ್ತೆ. ನಡಿ, ಆ ಅಂಗಡಿಗೆ ಹೋಗೋಣ. ನೀನೇ ಓಡಿಸು."

ಸೂಜಿ ಕೊಳ್ಳುವಾಗಲೂ ಚೌಕಾಸಿ ಮಾಡುವ ಮನುಷ್ಯ ತುಟಿ ಪಿಟಕ್ಕೆನ್ನದೆ ಹದಿನಾಲ್ಕು ಸಾವಿರ ಕೊಟ್ಟರು. ಕೊಟ್ಟು, ತಾವು ಮಾಡಿದ ಕನ್ನಡಿಯನ್ನು ಹುಷಾರಾಗಿ ಬಿಡಿಸಿಕೊಂಡು ಪೇಪರಿನಲ್ಲಿ ಸುತ್ತಿದರು. ಅಲ್ಲಿಂದ ಮನೆಗೆ ಹೋಗುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಸೀದಾ ಮಗಳ ಮನೆಯ ದಾರಿ ಹಿಡಿದೆವು. ಹೊಸ ಉಬ್ಬು ಕನ್ನಡಿಯಲ್ಲಿ ರಸ್ತೆಗೆ ರಸ್ತೆಯೇ ಕಾಣುತ್ತಿತ್ತು. ಆದರೂ ನಾನು ಎಡಕ್ಕೆ ತಿರುಗಿ ನೋಡಿದಾಗಲೆಲ್ಲ ಅವರೂ ನನ್ನ ಜೊತೆ ತಿರುಗಿ ನೋಡುತ್ತಿದ್ದರು. ನಾನು ನಗು ತಡೆದುಕೊಂಡು ಓಡಿಸಿದೆ.

ಮೊಮ್ಮಗಳು ಬಾಗಿಲಿಗೇ ಓಡಿ ಬಂದಳು. ತಾತ ಪೇಪರು ಬಿಚ್ಚಿ ಕನ್ನಡಿಯನ್ನು ಅವಳ ಮುಂದೆ ಹಿಡಿದರು. ಅವಳು ಮೂಗು ಒತ್ತಿ ನೋಡಿಕೊಂಡು ಕಿಲಕಿಲ ನಕ್ಕಳು. ಅವರು ನನ್ನ ಕಡೆ ತಿರುಗಿದರು.

"ನೋಡು. ಮುಖ ಒಂದು ಚೂರೂ ಚಿಕ್ಕದಾಗಿಲ್ಲ."